ಎಂಎಕ್ಸ್-5ಗೆ ಗುಡ್‌ರಿಡ್ಜ್ ಸ್ಟೀಲ್ ಬ್ರೇಕ್ ಹೋಸ್: ಕೊಳ್ಳುವ ಮೊದಲು, ಹಾಕುವಾಗ, ಹಾಕಿದ ಮೇಲೆ

ಮಜ್ದಾ ಎಂಎಕ್ಸ್-5ರ ಮೊದಲ ಎರಡು ತಲೆಮಾರಿನ ಕಾರುಗಳು, ಅಂದರೆ 1989ರಿಂದ 2005ರವರೆಗೆ ಬಂದ ಎನ್‌ಎ ಮತ್ತು ಎನ್‌ಬಿ, ಇವತ್ತಿಗೂ ಬ್ರಿಟನ್ನಿನ ಟ್ರ್ಯಾಕ್‌ಗಳಲ್ಲಿ ಎಲ್ಲೆಂದರಲ್ಲಿ ಕಾಣುತ್ತವೆ. ಅವುಗಳ ಬಾನೆಟ್ ಎತ್ತಿ, ಚಕ್ರ ಬಿಚ್ಚಿ ನೋಡಿದರೆ ಮೊದಲು ಬದಲಾಗಿರುವ ಸಾಮಾನುಗಳಲ್ಲಿ ಒಂದು ಸ್ಟೀಲ್ ತಂತಿ ಹೆಣೆದ ಬ್ರೇಕ್ ಹೋಸ್, ಅಂದರೆ ಬಾಡಿಯ ಲೋಹದ ಪೈಪಿನಿಂದ ಚಕ್ರದ ಬ್ರೇಕಿಗೆ ಆಯಿಲ್ ಒಯ್ಯುವ ಬಳುಕುವ ಕೊಳವೆ. ಇಂಗ್ಲೆಂಡಿನ ಎಕ್ಸೆಟರ್‌ನ ಗುಡ್‌ರಿಡ್ಜ್ ಕಂಪನಿ 1969ರಿಂದ ಇರುವಂಥದ್ದು, ರೇಸಿಂಗ್ ಲೋಕದಲ್ಲಿ ಹಳೆಯ ಹೆಸರು. ಇದೇ ಊರಿನ ಎಚ್‌ಇಎಲ್ ಕೂಡ ಇಂಥದ್ದೇ ಕಿಟ್ ಮಾಡುತ್ತದೆ. ಇಲ್ಲಿ ಹೇಳುವುದರಲ್ಲಿ ಮುಕ್ಕಾಲು ಪಾಲು ಎರಡಕ್ಕೂ ಅನ್ವಯಿಸುತ್ತದೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಕಿಟ್ ಒಳ್ಳೆಯದು, ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಇದು ಕಾರನ್ನು ಕಡಿಮೆ ದೂರದಲ್ಲಿ ನಿಲ್ಲಿಸುವ ಸಾಮಾನಲ್ಲ. ನಿಲ್ಲಿಸುವುದು ಟೈರು ಮತ್ತು ಪ್ಯಾಡ್. ಹೋಸ್ ಕೊಡುವುದು ಪೆಡಲ್ ಮೇಲಿನ ಭರವಸೆ. ಹತ್ತನೇ ಲ್ಯಾಪಿನಲ್ಲೂ ಕಾಲಿಗೆ ಮೊದಲ ಲ್ಯಾಪಿನ ಅಳತೆಯೇ ಸಿಗಬೇಕು ಅನ್ನುವವರಿಗೆ ಇದು. ಬ್ರೇಕ್ ಆಯಿಲ್ ಎರಡು ವರ್ಷದಿಂದ ಬದಲಿಸದ ಕಾರಿಗೆ ಇದನ್ನು ಹಾಕಿಸುವುದು ದುಡ್ಡು ದಂಡ. ಮೊದಲು ಆಯಿಲ್, ಆಮೇಲೆ ಪ್ಯಾಡ್, ಮೂರನೆಯದಾಗಿ ಹೋಸ್.

ಒಳಗಿನ ಕೊಳವೆ ಪಿಟಿಎಫ್‌ಇ, ಅಂದರೆ ನಾನ್‌ಸ್ಟಿಕ್ ತವೆಯ ಮೇಲೆ ಬಳಿಯುವ ಅದೇ ವಸ್ತು. ಒಳವ್ಯಾಸ ಸುಮಾರು 3.2 ಮಿ.ಮೀ. ಅದರ ಸುತ್ತ ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಬಿಗಿ ಹೆಣಿಗೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ. ಎರಡು ತುದಿಯ ಫಿಟ್ಟಿಂಗ್‌ಗಳನ್ನು ಯಂತ್ರದಲ್ಲಿ ಒತ್ತಿ ಕೂರಿಸಿರುತ್ತಾರೆ. ಫಿಟ್ಟಿಂಗ್ ಎರಡು ಬಗೆಯಲ್ಲಿ ಸಿಗುತ್ತದೆ: ಜಿಂಕ್ ಲೇಪಿಸಿದ ಸ್ಟೀಲು, ಇಲ್ಲವೇ ಪೂರ್ತಿ ಸ್ಟೇನ್‌ಲೆಸ್. ಸ್ವಲ್ಪ ಹೆಚ್ಚು ಕೊಟ್ಟಾದರೂ ಎರಡನೆಯದನ್ನೇ ತೆಗೆದುಕೊಳ್ಳಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಬ್ರಿಟನ್ನಿಗಾಗಲಿ, ಉಪ್ಪುಗಾಳಿಯ ಮಂಗಳೂರು, ಕಾರವಾರಕ್ಕಾಗಲಿ ಜಿಂಕ್ ಹೆಚ್ಚು ಕಾಲ ತಾಳುವುದಿಲ್ಲ. ನಾಲ್ಕು ಹೋಸಿನ ಕಿಟ್ ಬ್ರಿಟನ್ನಿನಲ್ಲಿ ನೂರು ಪೌಂಡಿನ ಆಸುಪಾಸು.

ರಬ್ಬರ್ ಹೋಸಿಗೆ ಏನಾಗಿದೆ ಅಂತ ಇದು ಬೇಕು? ಜೋರಾಗಿ ಬ್ರೇಕ್ ಒತ್ತಿದಾಗ ಲೈನಿನೊಳಗೆ 70ರಿಂದ 100 ಬಾರ್ ಒತ್ತಡ ಹುಟ್ಟುತ್ತದೆ. ರಬ್ಬರ್ ಅಷ್ಟಕ್ಕೆ ಕೊಂಚ ಉಬ್ಬುತ್ತದೆ. ಆ ಉಬ್ಬಿಗೆ ಹೋದ ಆಯಿಲ್, ಚಕ್ರದ ಬಳಿ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ಗೆ ತಲುಪುವುದಿಲ್ಲ, ಹಾಗಾಗಿ ಪೆಡಲ್ ಅಷ್ಟು ಕೆಳಗೆ ಇಳಿಯಬೇಕಾಗುತ್ತದೆ. ಬ್ರೇಕ್ ಹೋಸಿಗೆ ಅಮೆರಿಕದ ಎಫ್‌ಎಂವಿಎಸ್‌ಎಸ್ 106 ಎಂಬ ನಿಯಮವಿದೆ. 3.2 ಮಿ.ಮೀ. ಒಳವ್ಯಾಸದ ಸಾಮಾನ್ಯ ಹೋಸ್ 1000 ಪಿಎಸ್‌ಐ (ಸುಮಾರು 70 ಬಾರ್) ಒತ್ತಡದಲ್ಲಿ ಅಡಿಗೆ 0.66 ಮಿ.ಲೀ.ವರೆಗೆ ಉಬ್ಬಬಹುದು ಎನ್ನುತ್ತದೆ ಅದು. ಕಡಿಮೆ ಉಬ್ಬುವ ಹೋಸಿಗೆ ಮಿತಿ 0.33 ಮಿ.ಲೀ. ನಾಲ್ಕು ಹೋಸು ಸೇರಿ ನಾಲ್ಕು ಅಡಿ ಅಂದುಕೊಳ್ಳಿ. ಸಾಮಾನ್ಯ ಹೋಸಿನ ಲೆಕ್ಕದಲ್ಲಿ ಒಟ್ಟು 2.6 ಮಿ.ಲೀ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ, 22.2 ಮಿ.ಮೀ. ವ್ಯಾಸದ ಮಾಸ್ಟರ್ ಸಿಲಿಂಡರ್‌ನಲ್ಲಿ ಅಷ್ಟು ಆಯಿಲ್ ತಳ್ಳಲು ಪಿಸ್ಟನ್‌ಗಳು ಒಟ್ಟು ಆರೂಮುಕ್ಕಾಲು ಮಿ.ಮೀ. ಸರಿಯಬೇಕು. ಪೆಡಲಿನ ಸನ್ನೆಗೋಲು ನಾಲ್ಕು ಪಟ್ಟು ಎಂದರೆ ಕಾಲಿನ ಕೆಳಗೆ ಅದು 27 ಮಿ.ಮೀ., ಒಂದಿಂಚಿನ ಮೇಲೆ! ಇದು ನಿಯಮ ಬಿಟ್ಟುಕೊಡುವ ಗರಿಷ್ಠ ಮಿತಿ ಅನ್ನುವುದು ನೆನಪಿರಲಿ. ಹೊಸ ಮಜ್ದಾ ರಬ್ಬರ್ ಹೋಸ್ ಅಷ್ಟು ಸಡಿಲವಲ್ಲ. ಆದರೆ ಲೆಕ್ಕದ ದಿಕ್ಕು ಇದೇ. ರಬ್ಬರ್ ಬಿಸಿಯಾದಷ್ಟೂ, ಹಳತಾದಷ್ಟೂ ಮೆತ್ತಗಾಗಿ ಈ ಅಂಕಿ ಮೇಲಕ್ಕೆ ಸರಿಯುತ್ತದೆ. ಹೆಣೆದ ಹೋಸ್ ಹತ್ತಿರಹತ್ತಿರ ಇದ್ದಲ್ಲೇ ಇರುತ್ತದೆ.

ಹೀಗಾಗಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. 1991ರ ಕಾರಿನಲ್ಲಿ ಮೂವತ್ತು ವರ್ಷದ ರಬ್ಬರ್ ಕಿತ್ತು ಸ್ಟೀಲ್ ಹೋಸ್ ಹಾಕಿದವರು 'ಕಾರೇ ಬದಲಾಯಿತು' ಅನ್ನುತ್ತಾರೆ. ಆ ಬದಲಾವಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊಸ ಹೋಸಿನದು, ಹೊಸ ಆಯಿಲಿನದು, ಒಳಗಿನ ಗಾಳಿ ಪೂರ್ತಿ ಹೋದದ್ದರದು. ಹೊಸ ಒರಿಜಿನಲ್ ರಬ್ಬರ್ ಹಾಕಿದ್ದರೂ ಅದರ ಬಹುಪಾಲು ಸಿಗುತ್ತಿತ್ತು. ವರ್ಷಕ್ಕೊಮ್ಮೆ ಟ್ರ್ಯಾಕ್ ಕಾಣುವ, ಉಳಿದಂತೆ ರಸ್ತೆಯಲ್ಲೇ ಓಡುವ ಕಾರಿಗೆ ಮಜ್ದಾದ ರಬ್ಬರ್ ಹೋಸೇ ಸಾಕು. ತಿಂಗಳಿಗೊಮ್ಮೆ ಇಂಗ್ಲೆಂಡಿನ ಸ್ನೆಟರ್‌ಟನ್ ಟ್ರ್ಯಾಕಿನ ಬೆಂಟ್ಲಿ ಸ್ಟ್ರೇಟ್ ಎಂಬ ಉದ್ದ ನೇರದಾರಿಯ ಕೊನೆಯಲ್ಲಿ ಬ್ರೇಕ್ ಮೇಲೆ ನಿಲ್ಲುವವರಿಗೆ ಸ್ಟೀಲ್ ಹೋಸಿನ ಬೆಲೆ ಗೊತ್ತಾಗುತ್ತದೆ. ಪೆಡಲ್ ಎಲ್ಲಿ ಕಚ್ಚುತ್ತದೆ ಅನ್ನುವುದು ಖಚಿತವಾದರೆ ಬ್ರೇಕ್ ಹಿಡಿದೇ ಗೇರ್ ಇಳಿಸುತ್ತ ಆಕ್ಸಿಲರೇಟರ್ ತಟ್ಟುವುದು ಸಲೀಸು, ಚಕ್ರ ಲಾಕ್ ಆಗುವ ಅಂಚನ್ನು ಕಾಲಲ್ಲೇ ತೂಗುವುದೂ ಸಲೀಸು. ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಇಲ್ಲದ, 1.6 ಲೀಟರ್ ಎಂಜಿನ್ನಿನ ಹಳೆಯ ಕಾರಿನಲ್ಲಿ ಇದು ಸಣ್ಣ ಲಾಭವಲ್ಲ.

ಆಯಿಲ್ ಮೊದಲು ಅಂದದ್ದು ಏಕೆಂದರೆ, ಟ್ರ್ಯಾಕಿನಲ್ಲಿ ಪೆಡಲ್ ನೆಲಕ್ಕೆ ಹೋಗುವುದು ಹೋಸ್ ಉಬ್ಬಿದ್ದಕ್ಕಲ್ಲ. ಕ್ಯಾಲಿಪರ್ ಒಳಗೆ ಆಯಿಲ್ ಕುದಿದು ಆವಿಯಾದದ್ದಕ್ಕೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಸುಮಾರು 3.7 ಶೇಕಡ ನೀರು ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ರೇಸಿಂಗಿಗೆಂದೇ ಇರುವ ಆಯಿಲ್ ಮೋಟುಲ್ ಆರ್‌ಬಿಎಫ್ 600 ಹೊಸದಿದ್ದಾಗ 312 ಡಿಗ್ರಿ. ಕ್ಯಾಸ್ಟ್ರೋಲ್ ಎಸ್‌ಆರ್‌ಎಫ್ ನೀರು ಹೀರಿದ ಮೇಲೂ 270, ದುಬಾರಿಯಾದರೂ ಅದಕ್ಕೆ ಸಾಟಿ ಕಡಿಮೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ತಾನೇ ಎಳೆದುಕೊಳ್ಳುತ್ತದೆ. ಹಳೆಯ ರಬ್ಬರ್ ಹೋಸಿನ ಗೋಡೆಯ ಮೂಲಕವೂ ತೇವ ಇಳಿಯುತ್ತದೆ, ಪಿಟಿಎಫ್‌ಇ ಅದನ್ನು ಬಹಳ ಮಟ್ಟಿಗೆ ತಡೆಯುತ್ತದೆ. ಆಷಾಢದ ಮಳೆಯಲ್ಲಿ ಉಡುಪಿಯ ಗ್ಯಾರೇಜಿನ ಶೆಲ್ಫಿನ ಮೇಲೆ ಅರ್ಧ ತೆರೆದು ಕೂತ ಆಯಿಲ್ ಡಬ್ಬವನ್ನು ಮಾತ್ರ ಯಾವ ಹೋಸೂ ಕಾಪಾಡದು. ಸೀಲ್ ಒಡೆದ ಡಬ್ಬ ಅವತ್ತೇ ಮುಗಿಯಲಿ, ಉಳಿದದ್ದು ಬೇಡ.

ಕಿಟ್ ಕೈಗೆ ಬಂದಾಗ ಮೊದಲು ಹೋಸಿನ ಮೇಲಿನ ಗುರುತು ಓದಿ. ಅಮೆರಿಕದ ನಿಯಮಕ್ಕೆ ಒಪ್ಪುವ ಹೋಸಿನ ಮೇಲೆ ಡಾಟ್ (DOT, ಅಮೆರಿಕದ ಸಾರಿಗೆ ಇಲಾಖೆ) ಎಂಬ ಅಕ್ಷರ, ತಯಾರಕರ ಗುರುತು, ತಯಾರಾದ ದಿನ, ಒಳವ್ಯಾಸ, ಕೊನೆಗೆ ಎಚ್‌ಆರ್ ಅಥವಾ ಎಚ್‌ಎಲ್ ಎಂದು ಇರುತ್ತದೆ. ಎಚ್‌ಎಲ್ ಅಂದರೆ ಕಡಿಮೆ ಉಬ್ಬುವ ಜಾತಿ. ಆ ನಿಯಮದ ಪರೀಕ್ಷೆಯಲ್ಲಿ ಹೋಸ್ 4000 ಪಿಎಸ್‌ಐಯನ್ನು ಎರಡು ನಿಮಿಷ ಹಿಡಿದು, ಆಮೇಲೆ 7000 ತನಕ ಒಡೆಯದೆ ನಿಲ್ಲಬೇಕು. ಜೊತೆಗೆ 35 ಗಂಟೆ ಬಿಡದೆ ಬಳುಕಿಸುವ ಪರೀಕ್ಷೆಯೂ ಇದೆ. ಹೆಣೆದ ಹೋಸಿಗೆ ನಿಜವಾಗಿ ಕಷ್ಟವಾಗುವುದು ಈ ಬಳುಕಿನಲ್ಲಿ. ಫಿಟ್ಟಿಂಗಿನ ಬಾಯಲ್ಲೇ ಅದು ಮಡಿದು ಮಡಿದು ದಣಿಯುತ್ತದೆ. ಇಂಟರ್ನೆಟ್ಟಿನಲ್ಲಿ ಕಾಲು ಬೆಲೆಗೆ ಸಿಗುವ ಹೆಸರಿಲ್ಲದ ಹೋಸುಗಳ ಮೈಮೇಲೆ ಈ ಗುರುತು ಯಾವುದೂ ಇರುವುದಿಲ್ಲ. ಅವನ್ನು ಮುಟ್ಟಬೇಡಿ. ಮನೆಯಲ್ಲೇ ಕತ್ತರಿಸಿ ನಟ್ ಬಿಗಿಯುವ ಫಿಟ್ಟಿಂಗ್‌ಗಳೂ ಅನುಭವವಿಲ್ಲದ ಕೈಗೆ ಬೇಡ. ಜರ್ಮನಿಯಲ್ಲಿರುವವರು ಎಬಿಇ, ಅಂದರೆ ಬಿಡಿಭಾಗವನ್ನು ರಸ್ತೆಯಲ್ಲಿ ಬಳಸಲು ಕೊಟ್ಟ ಅನುಮತಿಯ ಕಾಗದ ಜೊತೆಗಿದೆಯೇ ನೋಡಿಕೊಂಡೇ ಕೊಳ್ಳಬೇಕು.

ಎರಡನೆಯದು ಥ್ರೆಡ್. ಜಪಾನಿನ ಈ ಕಾರಿನ ಲೋಹದ ಪೈಪಿನ ನಟ್ ಎಂ10×1.0, ಅಂದರೆ 10 ಮಿ.ಮೀ. ವ್ಯಾಸ, ಸುತ್ತಿನಿಂದ ಸುತ್ತಿಗೆ 1 ಮಿ.ಮೀ. ಪೈಪಿನ ತುದಿ ಒಳಮಡಿಕೆಯ ಎರಡು ಪದರದ ಫ್ಲೇರ್, ಅಂದರೆ ಸೀಲ್ ಆಗಲೆಂದು ಅಗಲಿಸಿದ ಬಾಯಿ. ಫೋಕ್ಸ್‌ವ್ಯಾಗನ್, ಸ್ಕೋಡಾದಂಥ ಕಾರುಗಳಲ್ಲೂ ಥ್ರೆಡ್ ಎಂ10×1.0 ಆದರೂ ತುದಿ ಗುಳ್ಳೆಯ ಆಕಾರದ್ದು. ಎರಡೂ ಒಂದರೊಳಗೊಂದು ತಿರುಗಿ ಕೂರುತ್ತವೆ, ಆದರೆ ಸೀಲ್ ಆಗುವುದಿಲ್ಲ. ರೇಸ್ ಕಾರಿನಲ್ಲಿ ಬಳಸುವ, ಇಂಚಿನ ಅಳತೆಯ ಎಎನ್ ಫಿಟ್ಟಿಂಗಿನ 3/8 ಇಂಚು ವ್ಯಾಸದ, ಇಂಚಿಗೆ 24 ಥ್ರೆಡ್ಡಿನ ಬೋಲ್ಟ್ ಇನ್ನೂ ಅಪಾಯ. ಅದು 9.5 ಮಿ.ಮೀ., ಎಂ10 ತೂತಿನೊಳಗೆ ಸಡಿಲವಾಗಿ ಒಂದೆರಡು ಸುತ್ತು ಹೋಗಿ, ಹಿಡಿದಂತೆ ನಟಿಸುತ್ತದೆ. ನಟ್ ಕೈಯಲ್ಲೇ ನಾಲ್ಕೈದು ಸುತ್ತು ನಯವಾಗಿ ಹೋಗಬೇಕು. ಹೋಗದಿದ್ದರೆ ನಿಲ್ಲಿಸಿ.

ಜೋಡಣೆಗೆ ಅರ್ಧ ದಿನ ಇಟ್ಟುಕೊಳ್ಳಿ. ಹಿಂದಿನ ರಾತ್ರಿಯೇ ನಾಲ್ಕೂ ಮೂಲೆಯ ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಮಾಮೂಲಿ ಓಪನ್ ಸ್ಪ್ಯಾನರ್ ಇಲ್ಲಿ ಕೆಲಸ ಕೆಡಿಸುತ್ತದೆ. ಎರಡೇ ಮೂಲೆಯಲ್ಲಿ ಹಿಡಿಯುವುದರಿಂದ ಮೆತ್ತನೆ ನಟ್ ದುಂಡಗಾಗಿ ಲೋಹದ ಪೈಪೇ ತಿರುಚಿಕೊಳ್ಳುತ್ತದೆ. ಆಮೇಲೆ ಹೋಸಿನ ಜೊತೆ ಪೈಪೂ ಹೊಸದು ಮಾಡಿಸಬೇಕು. ಬಾಯಿ ಸೀಳಿದ ರಿಂಗ್ ಸ್ಪ್ಯಾನರ್, ಅಂದರೆ ಫ್ಲೇರ್ ನಟ್ ಸ್ಪ್ಯಾನರ್, 10 ಮಿ.ಮೀ.ದು ಕಡ್ಡಾಯ.

ಕಾರನ್ನು ನಾಲ್ಕು ಸ್ಟ್ಯಾಂಡಿನ ಮೇಲೆ ಕೂರಿಸಿ. ಜ್ಯಾಕ್ ಒಂದನ್ನೇ ನಂಬಬೇಡಿ. ಚಾಲಕನ ಸೀಟಿಗೂ ಪೆಡಲಿಗೂ ನಡುವೆ ಒಂದು ಕಟ್ಟಿಗೆ ಕೊಟ್ಟು ಪೆಡಲನ್ನು ಒಂದಿಂಚು ಒತ್ತಿ ನಿಲ್ಲಿಸಿದರೆ ಮಾಸ್ಟರ್ ಸಿಲಿಂಡರ್‌ನ ಮೇಲಿನ ತೂತು ಮುಚ್ಚಿಕೊಂಡು ಅದರ ಮೇಲೆ ಕೂತ ಡಬ್ಬದ ಆಯಿಲ್ ಪೂರ್ತಿ ಸುರಿದುಹೋಗುವುದು ತಪ್ಪುತ್ತದೆ. ಆಗ ಬ್ರೇಕ್ ಲೈಟ್ ಉರಿಯುತ್ತಲೇ ಇರುತ್ತದೆ, ಬ್ಯಾಟರಿ ವೈರ್ ತೆಗೆದಿಡಿ. ಒಂದು ಸಲಕ್ಕೆ ಒಂದೇ ಮೂಲೆ.

ಮೊದಲು ಕ್ಯಾಲಿಪರ್ ಕಡೆಯ ಬ್ಯಾಂಜೊ ಬೋಲ್ಟನ್ನು, ಅಂದರೆ ಹೋಸಿನ ಉಂಗುರದಂಥ ತುದಿಯ ನಡುವೆ ಹಾಯುವ ಬೋಲ್ಟನ್ನು, ಒಂದು ಚೂರು ಸಡಿಲಿಸಿ, ಮತ್ತೆ ಕೈಬಿಗಿ ಮಾಡಿ. ಆಮೇಲೆ ಬಾಡಿ ಕಡೆ. ಬ್ರಾಕೆಟ್ಟಿನಲ್ಲಿ ಹೋಸಿನ ತುದಿಯನ್ನು ಎರಡನೇ ಸ್ಪ್ಯಾನರ್‌ನಿಂದ ಅಲುಗದಂತೆ ಹಿಡಿದು ಪೈಪಿನ ನಟ್ ಬಿಚ್ಚಿ. ಆ ಹೋಸನ್ನು ಹಿಡಿದಿರುವ ಯು ಆಕಾರದ ಕ್ಲಿಪ್ಪನ್ನು ಇಕ್ಕಳದಿಂದ ಎಳೆಯಿರಿ. ಅದು ಹಾರಿ ಕಾಣೆಯಾಗುವುದು ಸಾಮಾನ್ಯ, ನಾಲ್ಕು ಹೊಸ ಕ್ಲಿಪ್ ಮೊದಲೇ ತಂದಿಟ್ಟುಕೊಳ್ಳಿ. ಹೊಸ ಹೋಸ್ ಹಾಕುವಾಗ ಕ್ರಮ ಹೀಗೆ: ಪೈಪಿನ ನಟ್ ಕೈಯಲ್ಲಿ, ನಂತರ ಕ್ಲಿಪ್, ನಂತರ ನಟ್ ಬಿಗಿ, ಕೊನೆಯಲ್ಲಿ ಬ್ಯಾಂಜೊ. ಬ್ಯಾಂಜೊದ ಎರಡೂ ಬದಿಗೆ ಹೊಸ ತಾಮ್ರದ ವಾಷರ್. ಹಳೆಯದನ್ನು ತಿರುಗಿಸಿ ಹಾಕುವ ಚಾಳಿ ಬೇಡ, ಒಮ್ಮೆ ಒತ್ತಿದ ತಾಮ್ರ ಗಟ್ಟಿಯಾಗಿರುತ್ತದೆ, ಮತ್ತೆ ಕಚ್ಚುವುದಿಲ್ಲ. ವಾಷರ್ ಕೂರುವ ಜಾಗವನ್ನು ಕ್ಯಾಲಿಪರ್ ಮೇಲೆ ಬಟ್ಟೆಯಿಂದ ಒರೆಸಿ ಉಗುರಾಡಿಸಿ ನೋಡಿ. ಹಳೆ ವಾಷರಿನ ತೆಳು ಬಳೆಯೊಂದು ಅಲ್ಲೇ ಅಂಟಿಕೊಂಡಿರುವುದುಂಟು. ಅದರ ಮೇಲೆ ಹೊಸದನ್ನು ಕೂರಿಸಿದರೆ ಎಷ್ಟು ಬಿಗಿದರೂ ಜಿನುಗುತ್ತದೆ.

ಬಿಗಿಯ ಅಳತೆ ಮಜ್ದಾ ಕೈಪಿಡಿಯಂತೆ ಬ್ಯಾಂಜೊ ಬೋಲ್ಟಿಗೆ 22ರಿಂದ 29 ನ್ಯೂಟನ್ ಮೀಟರ್, ಪೈಪಿನ ನಟ್ಟಿಗೆ 13ರಿಂದ 21. ಕೈಗೆ ಇದು ತುಂಬ ಕಡಿಮೆ ಅನ್ನಿಸುತ್ತದೆ. ಚಕ್ರದ ನಟ್ಟಿಗೆ 89ರಿಂದ 117 ಬಿಗಿದು ಅಭ್ಯಾಸವಾದ ಕೈ ಇಲ್ಲಿ ಇನ್ನೊಂದು ಕಾಲು ಸುತ್ತು ಎಳೆಯುತ್ತದೆ. ಬ್ಯಾಂಜೊ ಬೋಲ್ಟ್ ಒಳಗೆ ಟೊಳ್ಳು, ಅಡ್ಡ ತೂತು ಬೇರೆ. ಆ ತೂತಿನ ಹತ್ತಿರವೇ ಅದು ತುಂಡಾಗುತ್ತದೆ. ಟಾರ್ಕ್ ರೆಂಚ್ ಬಳಸಿ. ಬಿಗಿದ ಮೇಲೂ ಜಿನುಗಿದರೆ ಬೋಲ್ಟ್ ಬಿಚ್ಚಿ ವಾಷರ್ ಬದಲಿಸಿ, ಮತ್ತಷ್ಟು ಬಿಗಿಯುವುದು ಪರಿಹಾರವಲ್ಲ.

ಮುಂದಿನ ಚಕ್ರಗಳ ಹೋಸಿನ ಹಾದಿ ಈ ಇಡೀ ಕೆಲಸದಲ್ಲಿ ಅತಿ ಮುಖ್ಯ. ಬ್ಯಾಂಜೊ ಬಿಗಿಯುವ ಮುನ್ನ ಸ್ಟೇರಿಂಗನ್ನು ಎಡ ತುದಿಯಿಂದ ಬಲ ತುದಿಗೆ ತಿರುಗಿಸಿ. ಚಕ್ರ ತೂಗಾಡುವಾಗಲೂ, ಜ್ಯಾಕಿನಿಂದ ಹಬ್ಬನ್ನು ಮೇಲಕ್ಕೆ ಎತ್ತಿ ಸ್ಪ್ರಿಂಗ್ ಪೂರ್ತಿ ಒತ್ತಿದಾಗಲೂ ಹೋಸ್ ಎಲ್ಲೂ ಎಳೆದು ನಿಲ್ಲಬಾರದು, ಯಾವುದಕ್ಕೂ ತಾಗಬಾರದು. ಚಕ್ರ ಹಾಕಿ ಇನ್ನೊಮ್ಮೆ ನೋಡಿ. ಅಗಲ ಟೈರು ಹಾಕಿದವರು, ಕಾರನ್ನು ತಗ್ಗಿಸಿದವರು ಎರಡು ಸಲ ನೋಡಿ. ಹೋಸನ್ನು 40 ಮಿ.ಮೀ. ತ್ರಿಜ್ಯಕ್ಕಿಂತ ಕಿರಿದಾಗಿ ಬಳುಕಿಸಬೇಡಿ. ಪಿಟಿಎಫ್‌ಇ ಒಮ್ಮೆ ಮಡಿದರೆ ಮಡಿದ ಗೆರೆ ಹೋಗುವುದಿಲ್ಲ, ಆ ಹೋಸ್ ಕಸಕ್ಕೆ. ಕೆಲಸದ ನಡುವೆ ಕ್ಯಾಲಿಪರನ್ನು ಹೋಸಿನಿಂದ ನೇತುಹಾಕುವುದು ಇದೇ ಕಾರಣಕ್ಕೆ ಪಾಪ. ತಂತಿ ಕಟ್ಟಿ ಸ್ಪ್ರಿಂಗಿಗೆ ತೂಗುಹಾಕಿ.

ಇಷ್ಟು ಕಟ್ಟುನಿಟ್ಟು ಏಕೆಂದರೆ ಸ್ಟೀಲ್ ಹೆಣಿಗೆ ಒಂದು ಗರಗಸ. ಹೊದಿಕೆ ಹರಿದ ಹೋಸ್ ಯಾವುದಕ್ಕೆ ಉಜ್ಜುತ್ತದೋ ಅದನ್ನು ಕೊಯ್ಯುತ್ತದೆ: ಎಬಿಎಸ್ ವೈರು, ಶಾಕ್‌ನ ಬಣ್ಣ, ಚಕ್ರದ ಒಳ ಅಂಚು. ಅದರ ಜೊತೆ ತಾನೂ ಸವೆಯುತ್ತದೆ. ರಬ್ಬರ್ ಹೋಸ್ ಸಾಯುವ ಮುನ್ನ ಬಿರುಕು ತೋರಿಸುತ್ತದೆ, ಗುಳ್ಳೆ ಏಳುತ್ತದೆ, ಮುನ್ಸೂಚನೆ ಕೊಡುತ್ತದೆ. ಹೆಣೆದದ್ದು ಒಳಗೆ ಏನಾದರೂ ಹೊರಗೆ ಹೊಳೆಯುತ್ತಲೇ ಇರುತ್ತದೆ. ಹೆಣಿಗೆಯ ಸಂದಿಯಲ್ಲಿ ಮರಳು ಸೇರಿದರೆ ಪ್ರತಿ ಅಲುಗಾಟಕ್ಕೂ ಒಳಗಿನ ಕೊಳವೆಯನ್ನು ಕೆರೆಯುತ್ತದೆ. ಹೊದಿಕೆಯಿಲ್ಲದ ಬರಿ ಸ್ಟೀಲ್ ಹೋಸ್ ನೋಡಲು ಚೆಂದ ಎಂದು ಕೊಳ್ಳುವವರಿಗೆ ನಾನು ಬೇಡ ಅನ್ನುವುದು ಇದಕ್ಕೇ.

ಪರೀಕ್ಷೆ ಸುಲಭ, ಹತ್ತು ನಿಮಿಷದ ಮಾತು. ಒಣ ಹತ್ತಿ ಬಟ್ಟೆಯನ್ನು ಹೋಸಿನ ಸುತ್ತ ಹಿಡಿದು ತುದಿಯಿಂದ ತುದಿಗೆ ಎಳೆಯಿರಿ. ಕೂದಲಿಗಿಂತ ಕೊಂಚ ದಪ್ಪದ ತುಂಡಾದ ತಂತಿ ಒಂದಿದ್ದರೂ ಬಟ್ಟೆಯ ಎಳೆಯನ್ನು ಹಿಡಿದು ನಿಲ್ಲಿಸುತ್ತದೆ. ಬರಿಗೈಯಲ್ಲಿ ಎಳೆದರೆ ಬೆರಳಿಗೆ ಚುಚ್ಚುತ್ತದೆ. ಒಂದೇ ತಂತಿ ಕಿತ್ತಿದ್ದರೂ ಆ ಹೋಸ್ ಬದಲಿಸಿ. ಫಿಟ್ಟಿಂಗಿನ ಬಾಯಿಯ ಹತ್ತಿರದ ಎರಡು ಸೆಂ.ಮೀ. ಜಾಗವನ್ನು ಟಾರ್ಚ್ ಹಾಕಿ ನೋಡಿ. ತೇವ, ಕಂದು ಕಲೆ, ಹೊದಿಕೆಯ ಕೆಳಗೆ ಆಯಿಲಿನ ಗುಳ್ಳೆ ಕಂಡರೆ ಅಲ್ಲಿಗೆ ಮುಗಿಯಿತು. ಇದನ್ನು ಪ್ರತಿ ಟ್ರ್ಯಾಕ್ ದಿನದ ಮುನ್ನ ಮಾಡಲು ಮನಸ್ಸಿಲ್ಲದವರು ರಬ್ಬರಿಗೇ ನಿಲ್ಲುವುದು ಲೇಸು.

ಗಾಳಿ ತೆಗೆಯಲು ಒಂದು ಲೀಟರ್ ಆಯಿಲ್ ಸಾಕು, ಹಳೆಯದೆಲ್ಲ ಹೋಗುವಷ್ಟು. ಕಟ್ಟಿಗೆ ತೆಗೆದು, ಮೊದಲು ಕ್ಯಾಲಿಪರ್‌ಗಳ ಮೇಲಿನ ಗಾಳಿ ಬಿಡುವ ತಿರುಪು, ಅಂದರೆ ನಿಪ್ಪಲ್, ನಾಲ್ಕನ್ನೂ ಸಡಿಲಿಸಿ ತಾನಾಗಿ ಹತ್ತು ನಿಮಿಷ ಹನಿಯಲು ಬಿಡಿ, ಹೊಸ ಹೋಸಿನೊಳಗಿನ ಗಾಳಿಯ ಬಹುಪಾಲು ಹಾಗೆಯೇ ಹೋಗುತ್ತದೆ. ಆಮೇಲೆ ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಚಕ್ರದಿಂದ ಹತ್ತಿರಕ್ಕೆ, ಒಬ್ಬರು ಪೆಡಲ್, ಒಬ್ಬರು ನಿಪ್ಪಲ್. ಪೆಡಲಿನ ಕೆಳಗೆ ಮರದ ತುಂಡೊಂದು ಇಟ್ಟು ಅದು ನೆಲ ಮುಟ್ಟದಂತೆ ಮಾಡಿ. ಹಳೆಯ ಸಿಲಿಂಡರ್‌ನಲ್ಲಿ ಪಿಸ್ಟನ್ ಎಂದೂ ಹೋಗದ ಕೊನೆಯ ಭಾಗಕ್ಕೆ ತುಕ್ಕು ಹಿಡಿದಿರುತ್ತದೆ. ಪೆಡಲನ್ನು ಪೂರ್ತಿ ತುಳಿದರೆ ರಬ್ಬರ್ ಸೀಲ್ ಆ ತುಕ್ಕಿನ ಮೇಲೆ ಹೋಗಿ ಹರಿಯುತ್ತದೆ. ಹೋಸ್ ಬದಲಿಸಿದ ವಾರದಲ್ಲೇ ಮಾಸ್ಟರ್ ಸಿಲಿಂಡರ್ ಸೋರಿತು ಅಂತ ಹೋಸನ್ನು ಬೈಯುವವರ ಕಥೆ ಬಹಳಷ್ಟು ಸಲ ಇದೇ. ಸಿಲಿಂಡರ್ ಮೇಲಿನ ಡಬ್ಬದಲ್ಲಿ ಆಯಿಲಿನ ಮಟ್ಟ ಕೆಳಗಿಳಿಯಲು ಬಿಡಬೇಡಿ. ಎಬಿಎಸ್ ಇರುವ ಕಾರಿನಲ್ಲಿ ಅದರ ಘಟಕದೊಳಗೆ ಗಾಳಿ ಹೊಕ್ಕರೆ ಸ್ಕ್ಯಾನ್ ಟೂಲ್ ಹಚ್ಚಿ ಪಂಪ್ ಓಡಿಸದೆ ಹೊರಬರದೆ ಹೋಗಬಹುದು. ಬಾಡಿಯ ಬಣ್ಣಕ್ಕೆ ಬಿದ್ದ ಆಯಿಲನ್ನು ಒರೆಸಬೇಡಿ, ನೀರು ಸುರಿದು ತೊಳೆಯಿರಿ.

ಎಂಜಿನ್ ಸ್ಟಾರ್ಟ್ ಮಾಡಿ ಬೂಸ್ಟರ್ ನೆರವಿನಿಂದ ಪೆಡಲನ್ನು ಶಕ್ತಿಯಿದ್ದಷ್ಟು ಒತ್ತಿ, ಒಂದು ನಿಮಿಷ ಹಿಡಿಯಿರಿ. ಇನ್ನೊಬ್ಬರು ನಾಲ್ಕು ಹೋಸಿನ ಎಂಟೂ ತುದಿಗಳಲ್ಲಿ ಬಿಳಿ ಟಿಶ್ಯೂ ಕಾಗದ ಸುತ್ತಿ ನೋಡಲಿ. ಕಣ್ಣಿಗೆ ಕಾಣದ ಜಿನುಗೂ ಕಾಗದದ ಮೇಲೆ ಕಲೆಯಾಗಿ ಮೂಡುತ್ತದೆ.

ಭಾರತದಲ್ಲಿ ಮಜ್ದಾ ಈ ಕಾರನ್ನು ಮಾರಲಿಲ್ಲ. ಬೆಂಗಳೂರಿನಿಂದ ಇರುಂಗಾಟ್ಟುಕೋಟೈಯ ಮದ್ರಾಸ್ ಸರ್ಕ್ಯೂಟಿಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗುವವರ ಕೈಯಲ್ಲಿ ಪೋಲೊ, ಸ್ವಿಫ್ಟ್, ಆಕ್ಟೇವಿಯಾ ಹೆಚ್ಚು. ಅವರಿಗೆ ಮೇಲಿನ ಬಿಗಿಯ ಅಂಕಿಗಳು ನಡೆಯುವುದಿಲ್ಲ, ಅವರವರ ಕಾರಿನ ಕೈಪಿಡಿಯ ಅಂಕಿ ಬೇಕು. ವಿದೇಶದಿಂದ ಕಿಟ್ ತರಿಸುವ ಮುನ್ನ ಹಳೆಯ ಹೋಸೊಂದನ್ನು ಬಿಚ್ಚಿಸಿ ಉದ್ದ, ಥ್ರೆಡ್, ಫ್ಲೇರಿನ ಆಕಾರ ಮೂರನ್ನೂ ಅಳೆದು ಬರೆದುಕೊಳ್ಳಿ. ಹೆಸರು ಒಂದೇ ಆದರೂ ಇಲ್ಲಿನ ಕಾರಿನ ಕ್ಯಾಲಿಪರ್, ಹಿಂಬದಿಯ ಡ್ರಮ್ ಯುರೋಪಿನ ಕಾರಿನದಕ್ಕೆ ಹೊಂದದೆ ಇರಬಹುದು. ಹಿಂದೆ ಡ್ರಮ್ ಇದ್ದರೆ ಡಿಸ್ಕಿನ ಕಿಟ್ ಸುಮ್ಮನೆ ಕೂರುವುದಿಲ್ಲ.

ಹೊಸ ಹೋಸಿನ ಮೊದಲ ಟ್ರ್ಯಾಕ್ ದಿನ ಐದೇ ಲ್ಯಾಪ್ ಓಡಿಸಿ, ಒಂದು ಲ್ಯಾಪ್ ಬ್ರೇಕ್ ಮುಟ್ಟದಷ್ಟು ನಿಧಾನವಾಗಿ ತಣಿಸಿ ಪಿಟ್‌ಗೆ ಬನ್ನಿ. ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿ. ಚಕ್ರ ಬಿಚ್ಚುವುದೂ ಬೇಡ, ಸ್ಪೋಕ್‌ಗಳ ಸಂದಿಯಿಂದ ಟಾರ್ಚ್ ಬಿಟ್ಟು ಬ್ಯಾಂಜೊದ ಕೆಳಭಾಗ ನೋಡಿ. ಒಣಗಿ ಬೂದಿಬಣ್ಣದ ಪ್ಯಾಡ್ ಧೂಳು ಸಮವಾಗಿ ಕೂತಿದ್ದರೆ ಸರಿ. ಆ ಧೂಳು ಒಂದು ಕಡೆ ಒದ್ದೆಯಾಗಿ ಕಪ್ಪಗೆ ಕಂಡರೆ ಅವತ್ತಿನ ಓಟ ಅಲ್ಲಿಗೇ ನಿಲ್ಲಬೇಕು.